ಗೂಡು ಒಂದೂರಿನದು, ಸೀರೆ ಇನ್ನೊಂದೂರಿನದು: ಬೆಂಗಳೂರು ಸುತ್ತಲಿನ ರೇಷ್ಮೆ ಊರುಗಳ ನಂಟಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ರಾಮನಗರ, ಕನಕಪುರ, ಮಾಗಡಿ, ಕುಣಿಗಲ್, ಶಿಡ್ಲಘಟ್ಟ, ದೇವನಹಳ್ಳಿ ಹತ್ತಿರದ ವಿಜಯಪುರ, ದೊಡ್ಡಬಳ್ಳಾಪುರ, ಬೆಂಗಳೂರಿನ ಹಳೇ ಪೇಟೆ. ಈ ಊರುಗಳ ಹೆಸರನ್ನು ಒಟ್ಟಿಗೆ ಹೇಳುವುದು ರೇಷ್ಮೆಯವರು ಮಾತ್ರ. ಇವು ಬೇರೆ ಬೇರೆ ಜಿಲ್ಲೆಗಳಲ್ಲಿವೆ, ಆದರೆ ಒಂದೂರಿನಲ್ಲಿ ಕೆಲಸ ನಿಂತರೆ ವಾರದೊಳಗೆ ಉಳಿದ ಊರುಗಳಿಗೂ ಬಿಸಿ ಮುಟ್ಟುತ್ತದೆ. ರೈತರು, ರೀಲರುಗಳು (ಗೂಡಿನಿಂದ ನೂಲು ತೆಗೆಯುವವರು), ನೇಕಾರರು, ವಿದ್ಯಾರ್ಥಿಗಳು, ಪುರಸಭೆಯ ಸದಸ್ಯರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಗೂಡಿನ ದರ ದಿನದಿನಕ್ಕೂ ಬದಲಾಗುತ್ತದೆ. ಹಾಗಾಗಿ ಕೆಳಗಿನ ಲೆಕ್ಕಗಳಲ್ಲಿ ಕಿಲೋಗೆ 500 ರೂ. ಎಂದು ಹಿಡಿದಿದ್ದೇವೆ. ನಿಮ್ಮ ದಿನದ ದರ ಹಾಕಿಕೊಂಡು ಲೆಕ್ಕ ಮಾಡಿ.

ಒಂದು ಸೀರೆಗೆ ಇಷ್ಟೊಂದು ಊರು ಯಾಕೆ ಬೇಕು?

ಒಬ್ಬ ರೈತನ ಒಂದು ಬೆಳೆಯನ್ನೇ ಹಿಡಿದುಕೊಂಡು ಹೊರಡೋಣ. ಮಿಶ್ರತಳಿಯ 100 ಮೊಟ್ಟೆ (ಒಂದು ಚಿಟ್ಟೆ ಇಟ್ಟ ನೂರಾರು ಮೊಟ್ಟೆಗಳ ಗುಂಪಿಗೆ ಒಂದು ಮೊಟ್ಟೆ ಎಂದೇ ಲೆಕ್ಕ) ತಂದು ಚೆನ್ನಾಗಿ ಸಾಕಿದರೆ 60ರಿಂದ 70 ಕಿಲೋ ಗೂಡು ಬರುತ್ತದೆ. 65 ಎಂದಿಟ್ಟುಕೊಳ್ಳಿ. ಆ ಹುಳು ತಿಂದ ಸೊಪ್ಪು ಹತ್ತಿರ ಹತ್ತಿರ 1 ಟನ್. ಏಳೂವರೆ ಕಿಲೋ ಗೂಡಿಗೆ 1 ಕಿಲೋ ನೂಲು ಎಂದರೆ 65 ಕಿಲೋ ಗೂಡಿನಿಂದ ಸುಮಾರು 8.7 ಕಿಲೋ ಕಚ್ಚಾ ರೇಷ್ಮೆ. ಬಣ್ಣ ಹಾಕುವ ಮೊದಲು ಅದರ ಗೋಂದು ತೆಗೆಯಬೇಕು. ಅಲ್ಲಿ ನಾಲ್ಕನೇ ಒಂದು ಭಾಗ ತೂಕ ಹೋಗಿ ಆರೂವರೆ ಕಿಲೋ ಉಳಿಯುತ್ತದೆ. ಅರ್ಧ ಕಿಲೋ ರೇಷ್ಮೆ ಬೇಡುವ ಸೀರೆಯಾದರೆ ಅದರಲ್ಲಿ ಹನ್ನೆರಡು, ಹದಿಮೂರು ಸೀರೆ.

ಈ ಹನ್ನೆರಡು ಸೀರೆಯ ಹಿಂದೆ ಮಾಗಡಿ, ಕುಣಿಗಲ್ ಕಡೆಯಲ್ಲಿ ಮೊಟ್ಟೆಗೆಂದೇ ಬೆಳೆದ ಬಿತ್ತನೆ ಗೂಡಿದೆ, ಮರಿ ಹುಳು ಸಾಕಿ ಕೊಡುವ ಹತ್ತಿರದ ಯಾವುದೋ ಚಾಕಿ ಕೇಂದ್ರವಿದೆ, ಕನಕಪುರದ ಹಳ್ಳಿಯೊಂದರ ಹುಳುಮನೆಯಿದೆ. ರಾಮನಗರದ ಮಾರುಕಟ್ಟೆ, ಅಲ್ಲೇ ಗಲ್ಲಿಯೊಳಗಿನ ಬಿಚ್ಚಾಣಿಕೆ (ಗೂಡಿನಿಂದ ನೂಲು ತೆಗೆಯುವ) ಘಟಕ, ಹುರಿ ಹಾಕುವವರು, ಬಣ್ಣದವರು, ದೊಡ್ಡಬಳ್ಳಾಪುರದ ಮಗ್ಗ, ಸೂರತ್ತಿನಿಂದ ಬಂದ ಜರಿ, ಚಿಕ್ಕಪೇಟೆಯ ಸಗಟು ಅಂಗಡಿ ಎಲ್ಲವೂ ಇವೆ. ಒಂದೇ ಊರಿನಲ್ಲಿ ಇದನ್ನೆಲ್ಲ ಕೂಡಿಹಾಕಲು ಯಾರೂ ಅಡ್ಡ ಬಂದಿಲ್ಲ. ಆದರೆ ಒಂದೊಂದು ಕೆಲಸಕ್ಕೂ ಬೇಕಾದ ನೀರು, ಕೈಚಳಕ, ಜಾಗದ ಬಾಡಿಗೆ, ಸಾಲದ ಬಗೆ ಬೇರೆ ಬೇರೆ. ಹಾಗಾಗಿ ಕೆಲಸಗಳು ತಮಗೆ ಹೊಂದುವ ಊರು ನೋಡಿಕೊಂಡಿವೆ.

ಕೊಳ್ಳುವವರೆಲ್ಲ ಬೆಂಗಳೂರಿನಲ್ಲಿರುವಾಗ ಗೂಡಿನ ಮಾರುಕಟ್ಟೆ ರಾಮನಗರದಲ್ಲಿ ಯಾಕೆ?

ಗೂಡು ಕಾಯುವುದಿಲ್ಲ, ನೂಲು ಕಾಯುತ್ತದೆ. ಈ ಊರುಗಳ ನಕ್ಷೆಯನ್ನು ಬರೆದದ್ದೇ ಈ ಒಂದು ವ್ಯತ್ಯಾಸ.

ಹುಳು ಚಂದ್ರಿಕೆಗೆ (ಗೂಡು ಕಟ್ಟುವ ತಟ್ಟೆ) ಏರಿದ ಐದಾರು ದಿನಕ್ಕೆ ಗೂಡು ಬಿಡಿಸುತ್ತಾರೆ. ಒಳಗೆ ಕೋಶ, ಅಂದರೆ ಚಿಟ್ಟೆಯಾಗುವ ಮುಂಚಿನ ಹುಳು, ಜೀವಂತವಾಗಿರುತ್ತದೆ. ಹಾಗೇ ಬಿಟ್ಟರೆ ಇನ್ನೊಂದು ವಾರದ ಆಚೀಚೆ ಚಿಟ್ಟೆಯಾಗಿ ಗೂಡು ತೂತು ಮಾಡಿ ಹೊರಬರುತ್ತದೆ, ಆಮೇಲೆ ಆ ಗೂಡಿನಿಂದ ಎಳೆ ಉದ್ದಕ್ಕೆ ಬರುವುದಿಲ್ಲ. ಅಷ್ಟರೊಳಗೆ ಆವಿ ಕೊಟ್ಟೋ ಬಿಸಿಗಾಳಿಯಲ್ಲಿ ಒಣಗಿಸಿಯೋ ಕೋಶವನ್ನು ಕೊಲ್ಲಬೇಕು. ಇದರ ಜೊತೆಗೆ ಹಸಿ ಗೂಡು ಗಂಟೆಗಂಟೆಗೂ ತೂಕ ಕಳೆದುಕೊಳ್ಳುತ್ತದೆ. ಅಂದರೆ ರೈತನಿಗೆ ಒಂದು ರಾತ್ರಿಯ ಪ್ರಯಾಣದೊಳಗೆ ಮಾರುಕಟ್ಟೆ ಬೇಕು, ಮಾರುಕಟ್ಟೆಗೆ ಕೂಗಳತೆಯಲ್ಲಿ ರೀಲರುಗಳು ಬೇಕು. ನೂಲಾದ ಮೇಲೆ ಅವಸರವಿಲ್ಲ. ಲಡಿ ಕಟ್ಟಿ ಬೀರುವಿನಲ್ಲಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ, ಒಂದು ಚೀಲದಲ್ಲಿ ಲಕ್ಷಾಂತರ ರೂಪಾಯಿಯ ಮಾಲು ಹಿಡಿಯುತ್ತದೆ, ಕಂಚಿಗೂ ಹೋಗುತ್ತದೆ, ಧರ್ಮಾವರಕ್ಕೂ ಹೋಗುತ್ತದೆ. ಹೀಗಾಗಿ ಗೂಡಿನ ಕೆಲಸ ಹಳ್ಳಿಗಳ ನಡುವಿನ ಪಟ್ಟಣದಲ್ಲಿ ನಿಂತಿತು, ನೂಲಿನ ವ್ಯಾಪಾರ ದೊಡ್ಡ ಪೇಟೆಗೆ ಹೋಯಿತು.

ರಾಮನಗರದ ಗೂಡಿನ ಮಾರುಕಟ್ಟೆಗೆ ಏಷ್ಯಾದಲ್ಲೇ ದೊಡ್ಡದೆಂಬ ಹೆಸರಿದೆ. ನೆರೆಯ ತಾಲ್ಲೂಕುಗಳಷ್ಟೇ ಅಲ್ಲದೆ ತಮಿಳುನಾಡು, ಆಂಧ್ರ, ಮಹಾರಾಷ್ಟ್ರದಿಂದಲೂ ಇಲ್ಲಿಗೆ ಗೂಡು ಬರುವುದಕ್ಕೆ ಕಾರಣ ಕಟ್ಟಡವಲ್ಲ. ಬೆಳಿಗ್ಗೆ ಎಷ್ಟೇ ಗೂಡು ಬಂದರೂ ಅಂದೇ ಕೊಂಡು ಮುಗಿಸುವಷ್ಟು ರೀಲರುಗಳು ಊರಿನಲ್ಲಿದ್ದಾರೆ ಎಂಬ ಧೈರ್ಯ.

ಮೊದಲ ಸಲ ಮಾರುಕಟ್ಟೆಗೆ ಗೂಡು ಒಯ್ಯುತ್ತಿದ್ದೇನೆ. ಏನೇನು ನೋಡಿಕೊಳ್ಳಬೇಕು?

ಅವಸರಪಟ್ಟು ಬಿಡಿಸಬೇಡಿ. ಮಿಶ್ರತಳಿಯಾದರೆ ಐದನೇ ದಿನ, ಬಿಳಿ ಗೂಡು ಕಟ್ಟುವ ದ್ವಿತಳಿಯಾದರೆ ಆರು ಅಥವಾ ಏಳನೇ ದಿನ. ಮೊದಲೇ ಬಿಡಿಸಿದರೆ ಕೋಶದ ಚರ್ಮ ಇನ್ನೂ ಎಳೆಯದಾಗಿದ್ದು ದಾರಿಯಲ್ಲಿ ಒಡೆಯುತ್ತದೆ, ಒಳಗಿನ ರಸ ಗೂಡಿಗೆ ಹತ್ತಿ ಕಲೆಯಾಗುತ್ತದೆ.

ಮನೆಯಲ್ಲೇ ವಿಂಗಡಿಸಿ. ಜೋಡಿ ಗೂಡು, ಕಲೆ ಗೂಡು, ತುದಿ ತೆಳುವಾದದ್ದು, ಊಜಿ ನೊಣದ (ರೇಷ್ಮೆ ಹುಳುವಿನ ಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ನೊಣ) ಹುಳು ಕೊರೆದು ಹೊರಬಂದದ್ದು, ಇವನ್ನೆಲ್ಲ ಬೇರೆ ಚೀಲಕ್ಕೆ ಹಾಕಿ. "ಎಲ್ಲ ಸೇರಿಸಿದರೆ ತೂಕ ಬರುತ್ತದೆ" ಎಂಬ ಲೆಕ್ಕ ಉಲ್ಟಾ ಹೊಡೆಯುತ್ತದೆ. ರೀಲರ್ ಒಂದು ಹಿಡಿಯಲ್ಲಿ ಎರಡು ಕಲೆ ಗೂಡು ಕಂಡರೆ ಇಡೀ ಲಾಟಿಗೇ ಇಪ್ಪತ್ತು ಮೂವತ್ತು ರೂಪಾಯಿ ಇಳಿಸಿ ಕೂಗುತ್ತಾನೆ.

ಗಾಳಿಯಾಡುವ ಚೀಲದಲ್ಲಿ ಸಡಿಲವಾಗಿ ತುಂಬಿ. ಗೊಬ್ಬರದ ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ ಕೋಶದ ಉಸಿರಿನ ಬಿಸಿ, ತೇವ ಒಳಗೇ ಉಳಿದು ಬೆಳಗಾಗುವಷ್ಟರಲ್ಲಿ ಗೂಡು ಮೆತ್ತಗಾಗುತ್ತದೆ. ರಾತ್ರಿ ತಂಪಿನಲ್ಲಿ ಹೊರಡಿ. ಚೀಲದ ಮೇಲೆ ಚೀಲ ಪೇರಿಸಿ ಅದರ ಮೇಲೆ ಆಳು ಕೂರುವುದು ಬೇಡ.

ಮಾರುಕಟ್ಟೆಯಲ್ಲಿ ಗುರುತಿನ ದಾಖಲೆ ಮತ್ತು ಬ್ಯಾಂಕ್ ಪಾಸ್‌ಬುಕ್ ಕೈಯಲ್ಲಿರಲಿ. ಲಾಟ್ ಸಂಖ್ಯೆ ಕೊಡುತ್ತಾರೆ, ಗೂಡನ್ನು ಜಾಲರಿಯ ಮೇಲೆ ಸುರಿದು ಹರಡಬೇಕು. ರೀಲರುಗಳು ಬಂದು ನೋಡುತ್ತಾರೆ. ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದನ್ನು ನೋಡಿದರೆ ಹೊಸಬರಿಗೆ ಆಶ್ಚರ್ಯ. ಒಳಗಿನ ಕೋಶ ಗಟ್ಟಿಯಾಗಿದ್ದರೆ ಲೊಟಲೊಟ ಸದ್ದು ಬರುತ್ತದೆ, ಸತ್ತು ಅಂಟಿಕೊಂಡಿದ್ದರೆ ಸದ್ದಿಲ್ಲ. ಹರಾಜು ಈಗ ಮೊಬೈಲಿನಲ್ಲಿ ನಡೆಯುತ್ತದೆ. ಬಂದ ದರ ಒಪ್ಪದಿದ್ದರೆ ಬೇಡ ಎನ್ನುವ ಹಕ್ಕು ನಿಮಗಿದೆ. ಒಪ್ಪಿದ ಮೇಲೆ ತೂಕ, ಅದರ ಚೀಟಿ, ಆಮೇಲೆ ಹಣ. ತೂಕದ ಚೀಟಿ ಕೈಗೆ ಬರುವ ತನಕ ಗೂಡಿನ ಪಕ್ಕದಿಂದ ಕದಲಬೇಡಿ.

ದೂರದ ಮಾರುಕಟ್ಟೆಯಲ್ಲಿ ಕಿಲೋಗೆ 20 ರೂ. ಹೆಚ್ಚಿದೆ. ಹೋಗಲೇ?

65 ಕಿಲೋಗೆ 20 ರೂ. ಎಂದರೆ 1,300 ರೂ. ರಾತ್ರಿಯ ದಾರಿಯಲ್ಲಿ ಗೂಡು ಒಂದೇ ಕಿಲೋ ಇಳಿದರೂ 500 ಹೋಯಿತು. ಉಳಿದ 800ರಲ್ಲಿ ಗಾಡಿ ಬಾಡಿಗೆ, ಊಟ, ಒಂದು ದಿನದ ಕೂಲಿ ಎಲ್ಲ ಬರಬೇಕು. ಒಬ್ಬರೇ ಗಾಡಿ ಮಾಡಿಕೊಂಡು ಚಿಂತಾಮಣಿಯಿಂದ ರಾಮನಗರಕ್ಕೆ ಹೋದರೆ ನಷ್ಟವೇ. ಪಕ್ಕದ ಶಿಡ್ಲಘಟ್ಟವೇ ವಾಸಿ. ಅದೇ ಊರಿನ ಎಂಟು ಹತ್ತು ಜನ ಒಂದೇ ವಾರ ಬೆಳೆ ಇಳಿಸುವಂತೆ ಚಾಕಿ ತಂದಿದ್ದರೆ, ಒಂದೇ ಗಾಡಿಯಲ್ಲಿ ಹೋದರೆ, ಲೆಕ್ಕ ತಿರುಗುತ್ತದೆ. ದೂರದ ಊರಿನ ನಂಟು ರೈತನಿಗೆ ದಕ್ಕುವುದು ಗುಂಪಿನಲ್ಲಿದ್ದಾಗ ಮಾತ್ರ.

ರೀಲರ್ ದರ ಇಳಿಸುತ್ತಾನೆ ಎಂದು ಎಲ್ಲರೂ ದೂರುತ್ತಾರೆ. ಅವನ ಲೆಕ್ಕವೇನು?

ಅವನ ಎದೆಬಡಿತವೆಲ್ಲ ಒಂದು ಅಂಕಿಯ ಮೇಲೆ: 1 ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು. ಒಳ್ಳೆಯ ದ್ವಿತಳಿಗೆ ಆರರಿಂದ ಆರೂವರೆ, ಮಿಶ್ರತಳಿಗೆ ಏಳರಿಂದ ಎಂಟು. 500 ರೂ. ದರದಲ್ಲಿ ಏಳೂವರೆ ಕಿಲೋ ಹಿಡಿದರೆ ಗೂಡಿನ ಖರ್ಚೇ 3,750. ಅದೇ ಲಾಟು ಎಂಟೂವರೆ ಬೇಡಿತೋ, 4,250. ನೂಲಿನ ದರ ಎರಡಕ್ಕೂ ಒಂದೇ. ಈ 500 ರೂಪಾಯಿಯ ವ್ಯತ್ಯಾಸವನ್ನು ಅವನು ಜಾಲರಿಯ ಮುಂದೆ ನಿಂತು ಎರಡು ನಿಮಿಷದಲ್ಲಿ ಕೈಯಲ್ಲೇ ಅಂದಾಜು ಮಾಡಬೇಕು. ತಪ್ಪಿದರೆ ಗೊತ್ತಾಗುವುದು ಮರುದಿನ ಬಾಣಲೆಯಲ್ಲಿ ಗೂಡು ಬೆಂದಾಗ.

ಇನ್ನೊಂದು ಸಂಗತಿ ಹೊರಗಿನವರಿಗೆ ಕಾಣುವುದಿಲ್ಲ. ರೈತನಿಗೆ ಹಣ ಕೂಡಲೇ ಕೊಡಬೇಕು, ಹರಾಜಿಗೆ ನಿಲ್ಲುವ ಮೊದಲೇ ಖಾತೆಯಲ್ಲಿ ದುಡ್ಡು ಇಟ್ಟಿರಬೇಕು. ಇದು ನ್ಯಾಯವೇ, ಯಾಕೆಂದರೆ ಹಿಂದೆ ರೈತರು ಬಾಕಿಗಾಗಿ ಅಲೆದದ್ದುಂಟು. ಆದರೆ ರೀಲರ್ ತನ್ನ ನೂಲು ಮಾರಿದಾಗ ಆ ಕಡೆಯಿಂದ ಬರುವುದು ಬಹುಪಾಲು ವಾಯಿದೆ. ವ್ಯಾಪಾರಿ ಮಗ್ಗದವರಿಗೆ ಸಾಲ ಕೊಡುತ್ತಾನೆ, ಮಗ್ಗದವರು ಸೀರೆ ಅಂಗಡಿಗೆ ಸಾಲ ಕೊಡುತ್ತಾರೆ, ಅಂಗಡಿಯವನು ಮದುವೆ ಸೀಸನ್ನಿಗೆ ಕಾಯುತ್ತಾನೆ. ಎಡಗಡೆ ನಗದು, ಬಲಗಡೆ ಉದ್ದರಿ, ನಡುವೆ ರೀಲರ್. ಆಷಾಢದಲ್ಲಿ ಮದುವೆಯಿಲ್ಲ, ಚಿಕ್ಕಪೇಟೆ ತಣ್ಣಗಿರುತ್ತದೆ, ಅಲ್ಲಿ ಹಣ ಸಿಕ್ಕಿಕೊಂಡರೆ ರಾಮನಗರದ ಸಣ್ಣ ರೀಲರ್ ಎರಡು ದಿನ ಹರಾಜಿಗೇ ಬರುವುದಿಲ್ಲ. ಕೂಗುವವರು ಕಡಿಮೆಯಾದರು, ಗೂಡಿನ ದರ ಇಳಿಯಿತು. ಕನಕಪುರದ ರೈತ "ರೀಲರುಗಳು ಒಳಗೊಳಗೇ ಮಾತಾಡಿಕೊಂಡರು" ಎನ್ನುತ್ತಾನೆ. ಕೆಲವು ಸಲ ಅದೂ ನಿಜವಿರಬಹುದು, ಆದರೆ ಬಹಳ ಸಲ ಸಂಗತಿ ಇರುವುದು ಬೆಂಗಳೂರಿನ ಗಲ್ಲಾಪೆಟ್ಟಿಗೆಯಲ್ಲಿ.

ಹೀಗೆ ದರ ಕುಸಿದಾಗ ನೂಲನ್ನು ಕೊಂಡು ಇಟ್ಟುಕೊಳ್ಳಲಿ ಎಂದೇ 1979ರಲ್ಲಿ ಕರ್ನಾಟಕ ರೇಷ್ಮೆ ಮಾರಾಟ ಮಂಡಳಿ ಹುಟ್ಟಿದ್ದು. ಅದರ ಕೈಯಲ್ಲಿ ದುಡ್ಡಿದ್ದಾಗ ಉಪಾಯ ಕೆಲಸ ಮಾಡುತ್ತದೆ.

ರಾಮನಗರ, ಶಿಡ್ಲಘಟ್ಟ ಒಂದಕ್ಕೊಂದು ಪೈಪೋಟಿಯೇ?

ಪೈಪೋಟಿ ಇದೆ, ಇರಲಿ. ಎರಡೂ ಕಡೆಯ ದರ ರೈತನ ಮೊಬೈಲಿಗೆ ಬರುವುದರಿಂದ ಒಂದೂರಿನಲ್ಲಿ ವಿಪರೀತ ಇಳಿಸಲು ಆಗುವುದಿಲ್ಲ. ಒಂದರಲ್ಲಿ ಗೂಡು ಉಕ್ಕಿದ ದಿನ ಇನ್ನೊಂದು ಎಳೆದುಕೊಳ್ಳುತ್ತದೆ. ಕನಕಪುರ, ಕೊಳ್ಳೇಗಾಲ, ವಿಜಯಪುರದಂಥ ಸಣ್ಣ ಮಾರುಕಟ್ಟೆಗಳು ಈ ಎರಡು ದೊಡ್ಡಣ್ಣಂದಿರ ದರ ನೋಡಿಕೊಂಡೇ ದಿನ ಶುರು ಮಾಡುತ್ತವೆ.

ನಮ್ಮೂರಿಗೂ ಒಂದು ಗೂಡಿನ ಮಾರುಕಟ್ಟೆ ಕೊಟ್ಟರೆ ಊರು ಬೆಳೆಯುವುದಿಲ್ಲವೇ?

ಕಟ್ಟಡ ಬರುತ್ತದೆ. ಮಾರುಕಟ್ಟೆ ಬರುತ್ತದೆಯೋ ಇಲ್ಲವೋ ಎಂಬುದು ಊರಿನಲ್ಲಿ ಎಷ್ಟು ಬಾಣಲೆ ಉರಿಯುತ್ತವೆ ಎಂಬುದರ ಮೇಲಿದೆ. ದಿನಕ್ಕೆ 5 ಟನ್ ಗೂಡು ಬರುವ ಮಾರುಕಟ್ಟೆ ಎಂದರೆ ದಿನಕ್ಕೆ ಆರೇಳು ನೂರು ಕಿಲೋ ನೂಲು ಬಿಚ್ಚುವ ಶಕ್ತಿ ಹತ್ತಿರದಲ್ಲೇ ಇರಬೇಕು. ಅದಿಲ್ಲದಿದ್ದರೆ ಮೂರು ಜನ ಖರೀದಿದಾರರು ಬಂದು ಕೂಗಿ, ಅದೇ ಗೂಡನ್ನು ಲಾರಿಯಲ್ಲಿ ರಾಮನಗರಕ್ಕೇ ಒಯ್ಯುತ್ತಾರೆ. ಆ ಲಾರಿಯ ಖರ್ಚು ನಿಮ್ಮ ರೈತನ ದರದಲ್ಲೇ ಮುರಿದಿರುತ್ತದೆ.

ಮೊದಲು ಬಿಚ್ಚಾಣಿಕೆ, ಆಮೇಲೆ ಮಾರುಕಟ್ಟೆ ಎಂಬುದು ನಮ್ಮ ಅಭಿಪ್ರಾಯ. ಬಿಸಿಗಾಳಿಯಲ್ಲಿ ಗೂಡು ಒಣಗಿಸುವ ಘಟಕವೊಂದನ್ನು ಹಾಕಿದರೂ ಅರ್ಧ ದಾರಿ ಸಾಗಿದಂತೆ. ಪೂರ್ತಿ ಒಣಗಿದ ಗೂಡು ಹಸಿ ತೂಕದ ನೂರಕ್ಕೆ ನಲವತ್ತರಷ್ಟಕ್ಕೆ ಇಳಿಯುತ್ತದೆ, ಕೆಡದೆ ತಿಂಗಳುಗಟ್ಟಲೆ ಇರುತ್ತದೆ. ಅಲ್ಲಿಗೆ ಗೂಡಿಗೂ ಕಾಯುವ ಶಕ್ತಿ ಬಂತು. ಇಲಿ, ಇರುವೆ, ತೇವ ಮೂರರಿಂದ ಕಾಪಾಡುವ ಕೊಠಡಿ ಬೇಕು, ಅಷ್ಟೆ.

ಬಿತ್ತನೆ ಮೊಟ್ಟೆ, ಚಾಕಿ ಎಲ್ಲಿಂದ ಬರುತ್ತವೆ?

ಮಿಶ್ರತಳಿ ಎಂದರೆ ನಾಟಿ ಮೈಸೂರು ತಳಿಯ ಹೆಣ್ಣು, ದ್ವಿತಳಿಯ ಗಂಡು. ಮೈಸೂರು ತಳಿಯ ಬಿತ್ತನೆ ಗೂಡು ಬೆಳೆಯುವ ಪ್ರದೇಶವೆಂದು ಮಾಗಡಿ, ಕುಣಿಗಲ್ ಕಡೆಯ ಹಳ್ಳಿಗಳನ್ನು ಬೇರೆಯೇ ಇಟ್ಟಿದ್ದಾರೆ. 1959ರ ಕಾಯ್ದೆ ಬಿತ್ತನೆಯಿಂದ ನೂಲಿನ ಮಾರಾಟದವರೆಗೆ ಎಲ್ಲಕ್ಕೂ ಲೈಸೆನ್ಸಿನ ಬೇಲಿ ಹಾಕಿದೆ. ಅಲ್ಲಿನ ರೈತ ರೋಗ ತಂದುಕೊಂಡರೆ ಶಿಡ್ಲಘಟ್ಟದ ರೈತನ ಮನೆಯಲ್ಲಿ ಹುಳು ಸಾಯುತ್ತದೆ. ಇಂಥ ನಂಟಿಗೆ ರಸ್ತೆಗಿಂತ ಸೂಕ್ಷ್ಮದರ್ಶಕ ಮುಖ್ಯ. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ತಾಯಿಯಿಂದ ಮೊಟ್ಟೆಗೆ ಹರಡುವ ಪೆಬ್ರಿನ್ ರೋಗಾಣು ಇದೆಯೇ ನೋಡಿಯೇ ಮೊಟ್ಟೆಯನ್ನು ಹೊರಬಿಡಬೇಕು.

ಎರಡನೇ ಜ್ವರದವರೆಗೆ (ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತಿಗೆ ಜ್ವರ ಎನ್ನುತ್ತಾರೆ) ಮರಿ ಸಾಕಿ ಕೊಡುವುದು ಚಾಕಿ ಕೇಂದ್ರದ ಕೆಲಸ. ಮರಿಗಳನ್ನು ಜ್ವರದಲ್ಲಿರುವಾಗಲೇ, ಬೆಳಗಿನ ಜಾವ ಅಥವಾ ಸಂಜೆ ತಂಪಿನಲ್ಲಿ ಸಾಗಿಸಬೇಕು. ಕ್ರಿಮಿನಾಶಕದ ಡಬ್ಬಿ, ಹೊಗೆಸೊಪ್ಪು ಇಟ್ಟ ಗಾಡಿಯಲ್ಲಿ ಸುತರಾಂ ಬೇಡ.

ನೂಲು ಆಮೇಲೆ ಎಲ್ಲೆಲ್ಲಿಗೆ ಹೋಗುತ್ತದೆ?

ಹುರಿ ಹಾಕುವ ಘಟಕಕ್ಕೆ ಮೊದಲು. ಹಾಸಿನ (ಉದ್ದದ) ನೂಲಿಗೆ ಹೆಚ್ಚು ಹುರಿ ಬೇಕು, ಹೊಕ್ಕಿನ (ಅಡ್ಡದ) ನೂಲಿಗೆ ಕಡಿಮೆ. ಸಮವಿಲ್ಲದ ಚರಕದ ನೂಲನ್ನು ಹಾಸಿಗೆ ಹಾಕಿದರೆ ಮಗ್ಗದಲ್ಲಿ ಎಳೆ ಪಟಪಟನೆ ಕಡಿಯುತ್ತದೆ. ಅದಕ್ಕೇ ಸ್ವಯಂಚಾಲಿತ ಯಂತ್ರದ ದ್ವಿತಳಿ ನೂಲು ಹಾಸಿಗೆ, ಚರಕದ್ದು ಹೊಕ್ಕಿಗೆ. ವಿದ್ಯುತ್ ಮಗ್ಗ ಹೆಚ್ಚಿದಷ್ಟೂ ಸಮನಾದ ನೂಲು ಕೇಳುವವರು ಹೆಚ್ಚುತ್ತಾರೆ. ದೊಡ್ಡಬಳ್ಳಾಪುರದ ಮಗ್ಗ ಬದಲಾದಾಗ ರಾಮನಗರದ ಬಾಣಲೆ ಬದಲಾಗಬೇಕಾಗುತ್ತದೆ, ಹುಳುಮನೆಯಲ್ಲಿ ಮಿಶ್ರತಳಿಯ ಹಳದಿ ಗೂಡಿನ ಜಾಗಕ್ಕೆ ದ್ವಿತಳಿಯ ಬಿಳಿ ಗೂಡು ಬರುತ್ತದೆ. ಬಿಳಿ ಗೂಡಿಗೆ ತಾಪ, ತೇವ ಎರಡನ್ನೂ ಹಿಡಿತದಲ್ಲಿಡುವ ಮನೆ ಬೇಕು, ಅದಕ್ಕೆ ಸಾಲ ಬೇಕು. ಒಂದು ಕೊಂಡಿಯಲ್ಲಿ ಹೊಸ ಯಂತ್ರ ಕೂರಿಸಿ ಉಳಿದ ಕೊಂಡಿಗಳನ್ನು ಮರೆತ ಯೋಜನೆಗಳು ಕುಂಟಿದ್ದು ಇಲ್ಲೇ.

ನೇಯ್ಗೆ ದೊಡ್ಡಬಳ್ಳಾಪುರ, ಆನೇಕಲ್, ಬೆಂಗಳೂರಿನ ಕಬ್ಬನ್‌ಪೇಟೆಯ ಕಡೆ. ರಾಜ್ಯದಾಚೆ ಕಂಚಿ, ಆರಣಿ, ಸೇಲಂ, ಧರ್ಮಾವರ. ಕಂಚಿ ಸೀರೆ ಎಂದು ಇಲ್ಲಿಯವರು ಮದುವೆಗೆ ಕೊಂಡುತರುವ ಸೀರೆಯ ನೂಲು ಎಷ್ಟೋ ಸಲ ಇಲ್ಲಿಂದಲೇ ಹೋಗಿರುತ್ತದೆ.

ಮೈಸೂರು ಸಿಲ್ಕ್ ಈ ಸರಪಳಿಗೆ ಸೇರಿದೆಯೇ?

ಪಕ್ಕದಲ್ಲೇ ಇದೆ, ಆದರೆ ಕೊಂಡಿಗಳೆಲ್ಲ ಒಂದೇ ಕೈಯಲ್ಲಿವೆ. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ಗೂಡನ್ನು ಮಾರುಕಟ್ಟೆಯಲ್ಲಿ ಕೊಳ್ಳುತ್ತದೆ, ಟಿ. ನರಸೀಪುರದಲ್ಲಿ ನೂಲು ತೆಗೆಯುತ್ತದೆ, ಮೈಸೂರಿನ ಮಾನಂದವಾಡಿ ರಸ್ತೆಯ ಕಾರ್ಖಾನೆಯಲ್ಲಿ ನೇಯುತ್ತದೆ, ಸ್ವಂತ ಮಳಿಗೆಯಲ್ಲಿ ಮಾರುತ್ತದೆ. ಆ ಕಾರ್ಖಾನೆ 1912ರದು. ನಡುವೆ ಯಾರಿಗೂ ವಾಯಿದೆಯಿಲ್ಲ. ಸೀರೆಗೆ ಜನ ಬೆಳಗಿನಿಂದ ಸಾಲು ನಿಲ್ಲುತ್ತಾರೆ, ನಿಜ. ಆದರೆ ಇದೇ ಮಾದರಿಯನ್ನು ಎಲ್ಲ ಕಡೆ ಮಾಡಿ ಎನ್ನುವವರಿಗೆ ಒಂದು ಮಾತು: ಒಂದು ಸಂಸ್ಥೆ ಕೊಳ್ಳುವ ಗೂಡಿಗೂ ಈ ಊರುಗಳ ಸಾವಿರಾರು ಕುಟುಂಬಗಳು ಬಿಚ್ಚುವ ಗೂಡಿಗೂ ಹೋಲಿಕೆಯೇ ಇಲ್ಲ.

ಬೆಂಗಳೂರು-ಮೈಸೂರು ದಶಪಥ ಬಂದ ಮೇಲೆ ನಡುವಿನ ಊರುಗಳಿಗೆ ಲಾಭವಾಯಿತೇ?

ಯಾರಿಗೆ ಎಂದು ಕೇಳಬೇಕು. 118 ಕಿಲೋಮೀಟರಿನ ಈ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ನಡುವೆ ಆರು ಪಥ, ಆಚೀಚೆ ಎರಡೆರಡು ಪಥದ ಸರ್ವಿಸ್ ರಸ್ತೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದ ಊರೊಳಗೆ ಕಾಲಿಡದೆ ಮೈಸೂರು ಮುಟ್ಟಬಹುದು.

ಮೈಸೂರಿನಿಂದ ಬೆಂಗಳೂರಿಗೆ ಮಾಲು ಸಾಗಿಸುವವರಿಗೆ ಲಾಭ, ಅದರಲ್ಲಿ ಅನುಮಾನವಿಲ್ಲ. ದೂರದಿಂದ ಗೂಡು ತರುವ ಲಾರಿಗೂ ಒಳ್ಳೆಯದೇ. ಆದರೆ ಚನ್ನಪಟ್ಟಣದ ಹಳೇ ರಸ್ತೆಯ ಬದಿಯಲ್ಲಿ ಆಲೆ ಮರದ ಬೊಂಬೆ ಜೋಡಿಸಿಟ್ಟ ಅಂಗಡಿಗಳು, ಮದ್ದೂರಿನ ವಡೆಯ ಹೋಟೆಲುಗಳು ಬದುಕಿದ್ದು ನಿಲ್ಲುವ ಕಾರುಗಳಿಂದ. ಬೈಪಾಸಿನಲ್ಲಿ ಕಾರು ನಿಲ್ಲುವುದಿಲ್ಲ. ಮಗುವಿನ ಕಣ್ಣಿಗೆ ಬೊಂಬೆ ಬೀಳದಿದ್ದರೆ ಅಪ್ಪನ ಕೈ ಜೇಬಿಗೆ ಹೋಗುವುದಿಲ್ಲ. ಅಂಗಡಿಯ ಹಿಂದೆ ಅರಗು ಹಚ್ಚುವವರು, ಲೇಥ್ ತಿರುಗಿಸುವವರು, ಮರ ತರುವವರು ಇದ್ದಾರೆ. ಒಂದು ಅಂಗಡಿ ಮುಚ್ಚಿದರೆ ಹೊಡೆತ ಅಲ್ಲಿಗೇ ನಿಲ್ಲುವುದಿಲ್ಲ.

2023ರ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಓಡುವಂತಿಲ್ಲ. ಜೀವ ಉಳಿಸುವ ನಿಯಮ, ಬೇಕಾದದ್ದೇ. ಆದರೆ ಗೂಡಿನ ಚೀಲ ಬೈಕಿಗೆ ಕಟ್ಟಿಕೊಂಡು ಬರುವ ರೈತನಿಗೆ, ನೂಲಿನ ಲಡಿ ಆಟೋದಲ್ಲಿ ಒಯ್ಯುವ ಹುರಿ ಘಟಕದವನಿಗೆ ಸರ್ವಿಸ್ ರಸ್ತೆಯೇ ಹೆದ್ದಾರಿ. ಅದು ನಡುವೆ ತುಂಡಾದರೆ, ಮಳೆಗೆ ಅಂಡರ್‌ಪಾಸ್ ತುಂಬಿಕೊಂಡರೆ, ಎರಡು ಕಿಲೋಮೀಟರ್ ದೂರದ ಪಕ್ಕದೂರು ಎಂಟು ಕಿಲೋಮೀಟರ್ ಆಗುತ್ತದೆ. ದೊಡ್ಡ ನಗರಗಳ ನಡುವಿನ ವೇಗವನ್ನು ಎಲ್ಲರೂ ನಿಮಿಷದಲ್ಲಿ ಅಳೆದರು. ಪಕ್ಕಪಕ್ಕದ ಊರುಗಳ ನಡುವೆ ಎಷ್ಟು ನಿಮಿಷ ಹೆಚ್ಚಾಯಿತೆಂದು ಅಳೆದವರು ಕಡಿಮೆ.

ಏನು ಮಾಡಬಹುದು? ಇಳಿದಾರಿಯ ಹತ್ತಿರವೇ ಬೊಂಬೆ, ವಡೆ, ರೇಷ್ಮೆ ಮಾರುವ ಜಾಗವನ್ನು ಸ್ಥಳೀಯರಿಗೆ ಕಾದಿರಿಸುವುದು. ಇಳಿದಾರಿಗೆ ಒಂದು ಕಿಲೋಮೀಟರ್ ಮೊದಲೇ ಊರಿನ ಹೆಸರಿನ ಜೊತೆ ಏನು ಸಿಗುತ್ತದೆ ಎಂಬ ಫಲಕ. ಸರ್ವಿಸ್ ರಸ್ತೆಯ ಕೊರತೆಯನ್ನು ಕಿಲೋಮೀಟರ್ ಕಲ್ಲಿನ ಸಂಖ್ಯೆ ಸಮೇತ ಬರೆದು ದೂರು ಕೊಡುವುದು. "ರಸ್ತೆ ಸರಿಯಿಲ್ಲ" ಎಂಬ ಅರ್ಜಿ ಕಡತದಲ್ಲಿ ಮಲಗುತ್ತದೆ. ಇಂಥ ಕಲ್ಲಿನಿಂದ ಇಂಥ ಕಲ್ಲಿನವರೆಗೆ ಇಷ್ಟು ಮೀಟರ್ ಇಲ್ಲ ಎಂದು ಬರೆದರೆ ಯಾರಾದರೂ ಉತ್ತರ ಕೊಡಲೇಬೇಕಾಗುತ್ತದೆ.

ಬಿಡದಿ, ಹಾರೋಹಳ್ಳಿಯ ಕಾರ್ಖಾನೆಗಳಿಂದ ರೇಷ್ಮೆ ಕೆಲಸಕ್ಕೆ ಜನ ಸಿಗುತ್ತಿಲ್ಲವಂತೆ?

ಹೌದು. ಬಿಚ್ಚಾಣಿಕೆಯವರು ಕುದಿಯುವ ನೀರಿನಲ್ಲಿ ಬೆರಳಿಟ್ಟು ಎಳೆ ಹುಡುಕಬೇಕು. ಬೆರಳ ಚರ್ಮ ಸುಲಿಯುತ್ತದೆ, ಹೊಗೆ, ಕೋಶದ ವಾಸನೆ, ದಿನವಿಡೀ ನಿಂತು ಕೆಲಸ. ಗಾರ್ಮೆಂಟ್ಸ್ ವ್ಯಾನು ಮನೆ ಬಾಗಿಲಿಗೆ ಬಂದು ಕರೆದೊಯ್ಯುವಾಗ, ಪಿಎಫ್ ಕೊಡುವಾಗ, ಮಗಳನ್ನು ಬಾಣಲೆಗೆ ಕಳಿಸಲು ಯಾವ ತಾಯಿಗೆ ಮನಸ್ಸು ಬರುತ್ತದೆ? ನೆರೆಯೂರಿನ ಒಳ್ಳೆಯ ಕೂಲಿ ಇಲ್ಲಿಯ ಕೂಲಿಯನ್ನೂ ಮೇಲೆತ್ತಬೇಕಿತ್ತು. ಸ್ವಲ್ಪ ಮಟ್ಟಿಗೆ ಎತ್ತಿದೆ ಕೂಡ. ಆದರೆ ಸಣ್ಣ ರೀಲರಿನ ಲಾಭದಲ್ಲಿ ಅಷ್ಟು ಜಾಗವಿಲ್ಲ. ಹಾಗಾಗಿ ಒಂದು ಕಡೆ ಹೊರರಾಜ್ಯದ ಕಾರ್ಮಿಕರು, ಇನ್ನೊಂದು ಕಡೆ ಸ್ವಯಂಚಾಲಿತ ಯಂತ್ರ. 400 ತುದಿಯ ಒಂದು ಯಂತ್ರ ಓಡಿಸಲು ಬೇಕಾಗುವ ಜನ ಅಷ್ಟೇ ನೂಲಿಗೆ ಬೇಕಾಗುವ ಚರಕದ ಜನರಿಗೆ ಹೋಲಿಸಿದರೆ ತೀರಾ ಕಡಿಮೆ. ಆದರೆ ಅದು ಕೆಟ್ಟ ಗೂಡನ್ನು ಸಹಿಸುವುದಿಲ್ಲ, ದಿನವೂ ಒಂದೇ ಗುಣಮಟ್ಟದ ದ್ವಿತಳಿ ಗೂಡು ಕೇಳುತ್ತದೆ.

ಬೆಂಗಳೂರಿನ ಕೊಳಚೆ ನೀರಿಗೂ ಕೋಲಾರದ ರೇಷ್ಮೆಗೂ ಏನು ಸಂಬಂಧ?

2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ದಿನಕ್ಕೆ 440 ದಶಲಕ್ಷ ಲೀಟರ್ ಎಂಬುದು ಯೋಜನೆಯ ಗುರಿ. ಹೆಬ್ಬಾಳ-ನಾಗವಾರ ಕಣಿವೆಯಿಂದ ಚಿಕ್ಕಬಳ್ಳಾಪುರದ ಕಡೆಗೆ 210. ಕೆರೆಗೆ ಬಂದ ನೀರು ಇಂಗಿ ಕೊಳವೆಬಾವಿಗೆ ಇಳಿಯುತ್ತದೆ, ಅದರಿಂದ ಹಿಪ್ಪುನೇರಳೆ ತೋಟ ಹಸಿರಾಗುತ್ತದೆ. ಬೆಂಗಳೂರು ಬಳಸಿ ಬಿಟ್ಟದ್ದು ನೆರೆಯವರಿಗೆ ಸೊಪ್ಪಾಗಿ, ಅದೇ ಬೆಂಗಳೂರಿಗೆ ಸೀರೆಯಾಗಿ ಮರಳುತ್ತದೆ.

ತಕರಾರು ಎರಡನೇ ಹಂತದ ಸಂಸ್ಕರಣೆ ಸಾಕೇ ಎಂಬುದು. ಮೂರನೇ ಹಂತವೂ ಬೇಕೆಂದು ಕೋಲಾರದ ರೈತರು ಕೇಳುತ್ತಲೇ ಇದ್ದಾರೆ. ಕುಡಿಯುವ ನೀರಿನ ಬಾವಿಯೂ ಅದೇ ನೆಲದ್ದಾದ್ದರಿಂದ ಈ ಬೇಡಿಕೆ ಸರಿಯಾದದ್ದು. ನಿಮ್ಮ ತೋಟಕ್ಕೆ ಆ ನೀರು ಬರುತ್ತಿದ್ದರೆ ವರ್ಷಕ್ಕೊಮ್ಮೆ ಮಣ್ಣು, ನೀರು ಎರಡನ್ನೂ ಪರೀಕ್ಷೆ ಮಾಡಿಸಿ, ಲವಣದ ಅಂಶ ಏರುತ್ತಿದೆಯೇ ನೋಡಿ. ಬಿಚ್ಚಾಣಿಕೆಗೆ ಬೋರಿನ ಗಡಸು ನೀರು ಹೇಗೂ ಆಗುವುದಿಲ್ಲ. ಗೂಡು ಸರಿಯಾಗಿ ಬೇಯದೆ ಎಳೆಗೆ ಹೊಳಪು ಕಡಿಮೆಯಾಗುತ್ತದೆ.

ಊರೂರಿನ ನಂಟಿನಿಂದ ಕೆಡುಕು ಬಂದದ್ದಿಲ್ಲವೇ?

ಬಂದಿದೆ. 1980ರಲ್ಲಿ ಪಶ್ಚಿಮ ಬಂಗಾಳದಿಂದ ಬಂದ ಗೂಡಿನ ಜೊತೆ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟಿತು. ಅಲ್ಲಿಯವರೆಗೆ ಇಲ್ಲಿ ಅದರ ಹೆಸರೇ ಇರಲಿಲ್ಲ. ಇವತ್ತು ಪ್ರತಿ ಹುಳುಮನೆಯ ಕಿಟಕಿಗೂ ನೈಲಾನ್ ಪರದೆ ಬೇಕಾಗಿರುವುದು ಆ ಒಂದು ಸಾಗಣೆಯಿಂದ. ಗೂಡು ಮಾರುಕಟ್ಟೆಗೆ ಒಯ್ದ ಖಾಲಿ ಚೀಲವನ್ನು ಒದರದೆ, ತೊಳೆಯದೆ ಮನೆಗೆ ತರುವವರು ಇಂದಿಗೂ ಅದೇ ತಪ್ಪು ಮಾಡುತ್ತಿದ್ದಾರೆ. ಚೀಲದ ಮೂಲೆಯಲ್ಲಿ ಊಜಿಯ ಕೋಶ ಕೂತಿರುತ್ತದೆ.

ದೂರದ ನಿರ್ಧಾರವೂ ಹೀಗೇ ಹೊಡೆಯುತ್ತದೆ. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ನೂರಕ್ಕೆ 30ರಿಂದ 5ಕ್ಕೆ ಇಳಿಸಿತು. ಚೀನಾದ ನೂಲು ಅಗ್ಗವಾಗಿ ಮಗ್ಗದವರಿಗೆ ಖುಷಿ, ಗೂಡಿನ ದರ ಬಿದ್ದು ರೈತ ಬೀದಿಗಿಳಿದ. ಆಮೇಲೆ ಸುಂಕವನ್ನು 15ಕ್ಕೆ ಏರಿಸಿದರು. ಒಂದೇ ಸರಪಳಿಯ ಎರಡು ತುದಿಗಳ ಹಿತ ಒಂದೇ ಅಲ್ಲ ಎಂಬುದು ಅಂದು ಚೆನ್ನಾಗಿ ಕಂಡಿತು.

ಜಿಎಸ್‌ಟಿ ಎಲ್ಲಿಂದ ಶುರು?

ಗೂಡಿಗೂ ಕಚ್ಚಾ ರೇಷ್ಮೆಗೂ ಇಲ್ಲ. ಹುರಿ ಹಾಕಿದ ನೂಲಿಗೆ, ಬಟ್ಟೆಗೆ 5%. ತೆರಿಗೆ ಬೀಳುವ ಮಾಲಿನ ಬೆಲೆ 50,000 ರೂ. ದಾಟಿದರೆ ಸಾಗಿಸುವ ಮುನ್ನ ಇ-ವೇ ಬಿಲ್ ಮಾಡಿಸಿ. ಹುರಿ ಹಾಕಿಸಲು ಕೂಲಿಗೆ ಕಳಿಸುವಾಗ ಚಲನ್ ಬರೆಯದೆ ಕಳಿಸುವುದು ಸಾಮಾನ್ಯವಾಗಿ ಸಿಕ್ಕಿಬೀಳುವ ತಪ್ಪು.

ನಮ್ಮೂರಿನ ನಂಟುಗಳನ್ನು ನಾವೇ ಅಳೆಯುವುದು ಹೇಗೆ? ರೇಷ್ಮೆ ಊರಲ್ಲ, ಬೇರೆ ಕಸುಬಿನ ಊರು.

ದೊಡ್ಡ ಸಮೀಕ್ಷೆ ಬೇಡ. ನಾಲ್ಕು ಜನ, ಎರಡು ವಾರ, ಒಂದು ನೋಟ್‌ಬುಕ್ಕು ಸಾಕು.

ಮೊದಲು ಬಸ್ ನಿಲ್ದಾಣ. ಒಂದು ಸಂತೆ ದಿನ, ಒಂದು ಸಾಮಾನ್ಯ ದಿನ, ಬೆಳಿಗ್ಗೆ 6ರಿಂದ ರಾತ್ರಿ 9ರವರೆಗೆ ಯಾವ ಊರಿಗೆ ಎಷ್ಟು ಬಸ್, ಎಷ್ಟು ತುಂಬಿತ್ತು ಎಂದು ಬರೆಯಿರಿ. ಕೊನೆಯ ಬಸ್ಸಿನ ವೇಳೆ ಬಹಳ ಮುಖ್ಯ. ಸಂಜೆ 7ಕ್ಕೇ ಕೊನೆಯ ಬಸ್ಸಾದರೆ ಪಕ್ಕದೂರಿನ ಎರಡನೇ ಪಾಳಿಯ ಕೆಲಸ ನಿಮ್ಮೂರಿನವರಿಗೆ ಇಲ್ಲವೆಂದೇ ಅರ್ಥ.

ಆಮೇಲೆ ಇಪ್ಪತ್ತು ಕಸುಬುದಾರರು. ಬೇರೆ ಬೇರೆ ಗಾತ್ರದವರನ್ನು ಆರಿಸಿ ಐದೇ ಪ್ರಶ್ನೆ ಕೇಳಿ: ಕಚ್ಚಾ ಮಾಲು ಯಾವೂರಿನಿಂದ, ಮಾರುವುದು ಯಾವೂರಿಗೆ, ಯಂತ್ರ ಕೆಟ್ಟರೆ ಬಿಡಿಭಾಗ ಎಲ್ಲಿಂದ, ಸಾಲ ಯಾರಿಂದ, ಮಾರಿದ ಎಷ್ಟು ದಿನಕ್ಕೆ ಹಣ. ವಹಿವಾಟು ಎಷ್ಟೆಂದು ಕೇಳಬೇಡಿ, ಯಾರೂ ನಿಜ ಹೇಳುವುದಿಲ್ಲ, ಉಳಿದ ಉತ್ತರವೂ ಕೆಡುತ್ತದೆ.

ಕೊನೆಗೆ ಒಂದು ಪ್ರಶ್ನೆ ನೀವೇ ಹಾಕಿಕೊಳ್ಳಿ: ಪಕ್ಕದೂರಿನ ದಾರಿ ಎರಡು ದಿನ ಬಂದ್ ಆದರೆ ಇಲ್ಲಿ ಮೊದಲು ಯಾವ ಬಾಗಿಲು ಮುಚ್ಚುತ್ತದೆ? ಆ ಬಾಗಿಲೇ ನಿಮ್ಮೂರಿನ ಗಟ್ಟಿ ನಂಟು. ಅಲ್ಲಿಂದ ಶುರು ಮಾಡಿ. ಬಿಡಿಭಾಗಕ್ಕೆ ಪ್ರತಿ ಸಲ ಬೆಂಗಳೂರಿಗೆ ಓಡುತ್ತಿದ್ದರೆ ಊರಿಗೆ ಬೇಕಾದದ್ದು ಒಂದು ಲೇಥ್ ಅಂಗಡಿ, ಕೈಗಾರಿಕಾ ಪ್ರದೇಶವಲ್ಲ.

ನೂಲು ಬಿಚ್ಚಿದ ಮೇಲೆ ಉಳಿದ ಕೋಶ ಏನಾಗುತ್ತದೆ?

ಬಾಣಲೆಯ ಪಕ್ಕದಿಂದಲೇ ಮಾರಾಟವಾಗುತ್ತದೆ. ಒಣಗಿಸಿ ಎಣ್ಣೆ ತೆಗೆಯುತ್ತಾರೆ, ಹಿಂಡಿ ಕೋಳಿ ಮತ್ತು ಮೀನಿನ ಆಹಾರಕ್ಕೆ ಹೋಗುತ್ತದೆ. ಸಿಕ್ಕು ನೂಲು, ತ್ಯಾಜ್ಯ ರೇಷ್ಮೆಗೂ ಬೇರೆ ಖರೀದಿದಾರರಿದ್ದಾರೆ. ನೂಲಿನಲ್ಲಿ ಏನೂ ಗಿಟ್ಟದ ವಾರ ಸಣ್ಣ ರೀಲರಿನ ಸೌದೆ ಖರ್ಚು ಹುಟ್ಟುವುದು ಈ ಎರಡರಿಂದ. ಹಸಿ ಕೋಶವನ್ನು ಅಂದೇ ಸಾಗಿಸಬೇಕು. ಮಳೆಗಾಲದಲ್ಲಿ ಒಣಗಿಸುವವನ ಗಾಡಿ ಒಂದು ದಿನ ತಪ್ಪಿದರೂ ಇಡೀ ಗಲ್ಲಿ ಮೂಗು ಮುಚ್ಚಿಕೊಳ್ಳುತ್ತದೆ.